ಅಂಗಳದಾಗಿನ ಹಳೇ ಫಿಯಾಟಿಗೂ ಒಂದು ಬೆಲಿ ಕಟ್ಟಸ್ರಿ

ನಮ್ಮ ಹೆಣ್ಮಕ್ಕಳಿಗೆ ಮನ್ಯಾಗಿನ ಯಾವ ಸಾಮಾನಿನ ಬೆಲಿ ಗೊತ್ತಿಲ್ಲ ಹೇಳ್ರಿ? ಅತ್ತಿಯವರ ಪಾಟ್ಲಿ ಎಷ್ಟು ತೊಲಿ, ಬಿಲ್ವಾರ ಯಾವ ವರ್ಷ ಮುರಿಸಿ ಮಾಡಿಸಿದ್ದು, ತವರಮನಿಯಿಂದ ಬಂದ ತಾಮ್ರದ ಹಂಡೆ ಎಷ್ಟು ಕಿಲೋ, ಎಲ್ಲಾ ಬಾಯಾಗ ಇರ್ತದ. ಬಂಗಾರದ ರೇಟು ಇವತ್ತ ಎಷ್ಟದ ಅಂತ ಪೇಪರ್ ಬರೂದಕ್ಕಿಂತ ಮೊದಲ ಹೇಳ್ತೀವಿ. ಆದ್ರ ಅದ ಮನಿ ಅಂಗಳದಾಗ ತಾಡಪತ್ರಿ ಹೊಚ್ಚಿಕೊಂಡು ನಿಂತ ಮಾವನವರ ಹಳೇ ಕಾರಿನ ಬೆಲಿ ಎಷ್ಟು ಅಂತ ಕೇಳಿದ್ರ, "ಅಯ್ಯ, ಅದಕ್ಕೆಲ್ಲಿ ಬೆಲಿ ಬಿಡ್ರಿ" ಅಂತೀವಿ.

ಈ ಒಂದು ಮಾತಿಗೆ ಎರಡು ಅರ್ಥ ಅವ ನೋಡ್ರಿ. ಮನಿ ಗಂಡಸರು ಅಂದ್ರ "ಬೆಲಿ ಕಟ್ಟಲಿಕ್ಕೆ ಆಗಂಗಿಲ್ಲ, ಅಷ್ಟು ದೊಡ್ಡದು" ಅಂತ. ಇನ್ಶೂರೆನ್ಸ್ ಕಂಪನಿಯವರು ಅಂದ್ರ "ಬೆಲೀನ ಇಲ್ಲ, ಹಳೇ ತಗಡು" ಅಂತ. ಏನರ ಅನಾಹುತ ಆದಾಗ ನಡಿಯೂದು ಎರಡನೇ ಅರ್ಥ. ಮರಾಠಿ ಬೆರತ ನಮ್ಮ ಮಾತಿನ್ಯಾಗ ಗುಜರಿ ಸಾಮಾನಿಗೆ ಭಂಗಾರ ಅಂತಾರಲ್ಲ, ಬಂಗಾರಕ್ಕೂ ಭಂಗಾರಕ್ಕೂ ನಡು ಇರೋದು ಒಂದ ಒತ್ತು. ಕಾರಿನ ವಿಷಯದಾಗ ಆ ಒತ್ತು ತಗೀಲಿಕ್ಕೆ ಬೇಕಾಗಿದ್ದು ಒಂದು ಕಾಗದ, ತಿಳದವರು ಬಂದು ನೋಡಿ, ಬೆಲಿ ಕಟ್ಟಿ, ಸಹಿ ಮಾಡಿ ಕೊಟ್ಟ ಕಾಗದ. ಮನ್ಯಾಗ ಹಳೇ ಕಾರು ಇದ್ದವರು ಆ ಕಾಗದ ಮಾಡಿಸ್ಲೇಬೇಕು, ಅದೂ ಗಾಡಿ ಛಂದ ಇದ್ದಾಗ, ಗಾಡಿ ಮಾಲಕರು ಗಟ್ಟಿ ಇದ್ದಾಗ, ಮತ್ತ ಅದನ್ನ ಮಾಡಸೂವಾಗ ಮನಿ ಹೆಣ್ಮಕ್ಕಳು ಅಲ್ಲೇ ಕುರ್ಚಿ ಹಾಕ್ಕೊಂಡು ಕೂಡಬೇಕು. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಯಾಕ ಇಷ್ಟು ಜೋರು ಮಾಡಲಿಕ್ಹತ್ತೀನಿ ಅಂದ್ರ, ನಮ್ಮ ಓಣ್ಯಾಗ ಒಬ್ಬ ಮೌಶಿ ಮನಿಯೊಳಗ ಆದದ್ದು ಹೇಳ್ತೀನಿ. ಅವರ ಅಂಬ್ಯಾಸಡರ್ ಮ್ಯಾಲೆ ಮಳಿಗಾಲದಾಗ ಗಿಡದ ಟೊಂಗಿ ಮುರಕೊಂಡು ಬಿತ್ತು. ಟಾಪು ತಗ್ಗು ಬಿತ್ತು, ಮುಂದಿನ ಕಾಚು ಹೋತು, ಒಂದು ಬಾಗಲಾ ಸೊಟ್ಟ ಆತು. ಗಾಡಿ ಇಂಜಿನ್ನಿಗೆ ಏನೂ ಆಗಿರಲಿಲ್ಲ. ರಿಪೇರಿ ಖರ್ಚು ಸುಮಾರು 60 ಸಾವಿರ ಅಂದ್ರು. ಪಾಲಿಸಿ ಚಾಲ್ತಿ ಇತ್ತು, ಫುಲ್ ಇನ್ಶೂರೆನ್ಸ್ ಅಂತ ಕಾಕಾ ಎದಿ ತಟ್ಟಿ ಹೇಳ್ತಿದ್ರು. ಆದ್ರ ಪಾಲಿಸಿಯೊಳಗ ಗಾಡಿ ಬೆಲಿ 35 ಸಾವಿರ ಅಂತಿತ್ತು. ಕಂಪನಿಯವರು, "ರಿಪೇರಿ ಖರ್ಚು ಗಾಡಿ ಬೆಲಿಕ್ಕಿಂತ ಹೆಚ್ಚಾತು, ಗಾಡಿ ಪೂರ್ತಿ ಹೋತು ಅಂತ ಲೆಕ್ಕ" ಅಂದ್ರು. ಕಾಕಾ ಅವರು ಅದರ ಮುಂದ ನಿಂತು, "ಸೆಲ್ಫ್ ಹೊಡದ್ರ ಒಂದ ಸಲಕ್ಕ ಶುರು ಆಗ್ತದ, ಇದು ಹೆಂಗ ಸತ್ತಂಗಾತು?" ಅಂತ ಕೇಳಿದ್ದು ನನ್ನ ಕಿವ್ಯಾಗ ಇನ್ನೂ ಅದ.

ಇಲ್ಲಿ ಕಂಪನಿಯವರು ಸುಳ್ಳು ಹೇಳಿಲ್ಲ. ನಿಯಮ ಇರೋದ ಹಂಗ. ಅದನ್ನ ನಾವು ಮೊದಲ ತಿಳ್ಕೋಬೇಕು.

ಪಾಲಿಸಿ ಕಾಗದದಾಗ ಐಡಿವಿ ಅಂತ ಬರದಿರ್ತದ. ಇನ್ಶೂರ್ಡ್ಸ್ ಡಿಕ್ಲೇರ್ಡ್ ವ್ಯಾಲ್ಯೂ. ಗಾಡಿ ಕಳುವಾದ್ರ, ಇಲ್ಲಾ ಪೂರ್ತಿ ಹಾಳಾದ್ರ ಕಂಪನಿ ಆ ಬೆಲಿ ಮ್ಯಾಲೆ ಲೆಕ್ಕ ಮಾಡ್ತದ. ಹೊಸಾ ಗಾಡಿಗೆ ಇದು ಸೀದಾ ಲೆಕ್ಕ. ಗಾಡಿ ಮಾರೋ ಬೆಲಿಯೊಳಗ 6 ತಿಂಗಳ ತನಕ ಶೇಕಡಾ 5 ಕಡಿಮಿ, ವರ್ಷದ ತನಕ 15, ಎರಡು ವರ್ಷದ ತನಕ 20, ಮೂರಕ್ಕ 30, ನಾಕಕ್ಕ 40, ಐದಕ್ಕ 50. ಅಲ್ಲಿಗೆ ಕೋಷ್ಟಕ ಮುಗೀತು. 5 ವರ್ಷ ದಾಟಿದ ಗಾಡಿಗೆ, ಮತ್ತ ಮಾರ್ಕೆಟ್ಟಿನ್ಯಾಗ ಬಂದಾದ ಮಾಡಲ್‌ಗೆ, ಕಂಪನಿಯವರು ಮತ್ತ ಮಾಲಕರು ಇಬ್ಬರೂ ಕೂಡಿ ಒಪ್ಪಿಕೊಂಡದ್ದ ಬೆಲಿ.

ಈ "ಇಬ್ಬರೂ ಕೂಡಿ" ಅನ್ನೋ ಮಾತು ನೆನಪಿಡ್ರಿ. ಇಬ್ಬರು ಕೂಡಿ ಒಪ್ಪಬೇಕು ಅಂದ್ರ ನಮಗೂ ಮಾತಾಡೋ ಹಕ್ಕದ. ಆದ್ರ ಆಗೋದೇನು? ಏಜೆಂಟ್ ಫೋನ್ ಮಾಡ್ತಾನ, "ಹೋದ ವರ್ಷದಕ್ಕಿಂತ ಸ್ವಲ್ಪ ಕಡಿಮಿ ಹಾಕೀನ್ರಿ, ಪ್ರೀಮಿಯಂ ಉಳೀತದ" ಅಂತಾನ, ನಮ್ಮವರು "ಛಲೋ ಆತು" ಅಂತಾರ. ವರ್ಷಾ ಹಿಂಗ ಇಳಕೋತ ಇಳಕೋತ ಒಂದು ಕಾರಿನ ಬೆಲಿ ಒಂದು ಫ್ರಿಜ್ಜಿನ ಬೆಲಿಗೆ ಬಂದು ನಿಂತಿರ್ತದ. ಸಂತಿಯೊಳಗ ಮೆಂತೆಪಲ್ಲೆದ ಸಿವುಡಿಗೆ ಎರಡು ರೂಪಾಯಿ ಸಲುವಾಗಿ ಚೌಕಾಶಿ ಮಾಡೋ ನಾವು, ಇಲ್ಲೆ ಬಾಯಿ ಬಿಡಂಗಿಲ್ಲ.

ಈಗ ಇನ್ನೊಂದು ನಿಯಮ. ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿದ್ರ ಗಾಡಿ ಪೂರ್ತಿ ಹೋತು ಅಂತ ಲೆಕ್ಕ ಹಿಡಿತಾರ. ಅಂದ್ರ ಪಾಲಿಸಿಯೊಳಗ 30 ಸಾವಿರ ಅಂತಿದ್ರ, ಸಾಡೇಬಾವೀಸ ಸಾವಿರ ದಾಟಿದ ಯಾವ ಪೆಟ್ಟಾದ್ರೂ ಗಾಡಿಗೆ ಮರಣಪತ್ರ. ಈಗಿನ ಕಾಲದಾಗ ಒಂದು ಬಾಗಲಾ ತಟ್ಟಿಸಿ, ಇಡೀ ಮೈಗೆ ಬಣ್ಣ ಹೊಡಸೂದ್ರಾಗ ಅಷ್ಟು ಹೋಗ್ತದ. ಅದಕ್ಕ, ಬೆಲಿ ಕಡಿಮಿ ಬರಸಿದ್ರ ಬರೇ ರೊಕ್ಕ ಕಡಿಮಿ ಬರ್ತದ ಅಂತ ತಿಳಿಬ್ಯಾಡ್ರಿ. ಉಳಿಬಹುದಾದ ಗಾಡಿನೂ ಹೋಗ್ತದ.

ಅರ್ಧ ಮುರ್ಧ ಪೆಟ್ಟಿಗೂ ಒಂದು ಲೆಕ್ಕ ಅದ. ರಬ್ಬರ್, ಪ್ಲಾಸ್ಟಿಕ್, ಟಯರು, ಬ್ಯಾಟರಿ ಇಂಥಾವಕ್ಕ ಹೊಸಾ ಸಾಮಾನಿನ ಬೆಲಿಯೊಳಗ ಅರ್ಧಾ ಕಟ್ ಮಾಡ್ತಾರ. 10 ವರ್ಷ ದಾಟಿದ ಗಾಡಿ ಇದ್ರ ಕಬ್ಬಿಣದ ಸಾಮಾನಿಗೂ ಅರ್ಧಾ. ಕಾಚಿಗೆ ಕಟ್ ಇಲ್ಲ. ಅಂದ್ರ ಮುಂಬಯಿಯಿಂದ ಹುಡುಕಿ ತರಿಸಿದ ಹಳೇ ಬಂಪರ್‌ಗೆ ನೀವು 10 ಸಾವಿರ ಕೊಟ್ರ, ಕಂಪನಿ ಲೆಕ್ಕದಾಗ 5 ಸಾವಿರ. ಇದು ಬೆಲಿ ಕಟ್ಟಿಸಿದ್ರೂ ತಪ್ಪಂಗಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಇನ್ನ ಭಾಳ ಮಂದಿ ಮನ್ಯಾಗ ಇರೋದು ಬರೇ ಥರ್ಡ್ ಪಾರ್ಟಿ. ಅದು ಕಾಯ್ದೆ ಸಲುವಾಗಿ. ನಮ್ಮ ಗಾಡಿಯಿಂದ ಮಂದಿಗೆ ಏನರ ಆದ್ರ ಅದು ಕೊಡ್ತದ. ನಮ್ಮ ಗಾಡಿ ಸುಟ್ರ, ಕಳುವಾದ್ರ, ಮ್ಯಾಲೆ ಗ್ವಾಡಿ ಬಿದ್ರ ಒಂದ ಪೈಸಾ ಬರಂಗಿಲ್ಲ. "ನಾವು ಗಾಡಿ ಹೊರಗ ತಗಿಯೂದ ಇಲ್ಲ" ಅಂತಾರ ಕೆಲವರು. ಹೊರಗ ತಗೀದ ಗಾಡಿಗೇ ಮನ್ಯಾಗ ಇಲಿ ವೈರ್ ಕಡದು ಬೆಂಕಿ ಹತ್ತೋ ಅಂಜಿಕಿ ಹೆಚ್ಚು.

ನಮ್ಮನ್ಯಾಗ ಮಾವನವರ ಫಿಯಾಟ್ 1100 ಡಿಲೈಟ್ ಅದ, 1969ರದು. ಮುಂಬಯಿ ಕುರ್ಲಾದಾಗ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಮಾಡಿದ್ದು. 1089 ಸಿಸಿ ಇಂಜಿನ್, ಸ್ಟೀರಿಂಗ್ ಬಾಜೂಕ ಗೇರು. ಮುಂದ ಪದ್ಮಿನಿ ಅಂತ ಹೆಸರಾದದ್ದು ಇದರ ತಂಗೀನ. ಆ ಕಾಲದಾಗ ರೊಕ್ಕ ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯಬೇಕಿತ್ತು. ಅತ್ತಿಯವರು ಈಗೂ, "ನಿನ್ನ ಗಂಡ ಒಂಬತ್ತು ತಿಂಗಳಿಗೆ ಬಂದ, ಈ ಗಾಡಿ ಬರಲಿಕ್ಕೆ ವರ್ಷಗಟ್ಟಲೆ ತೊಗೊಂತು" ಅಂತಾರ. 2023ರ ಅಕ್ಟೋಬರ್‌ದಾಗ ಮುಂಬಯಿಯೊಳಗ ಕಡೀ ಪದ್ಮಿನಿ ಟ್ಯಾಕ್ಸಿ ನಿಂತಾಗ ಟೀವ್ಯಾಗ ನೋಡಿ ಮಾವನವರು ಅವತ್ತ ಸರಿಯಾಗಿ ಊಟಾ ಮಾಡಲಿಲ್ಲ.

ಈ ವರ್ಷ ಪಾಲಿಸಿ ತಿರಗಿ ಮಾಡಸೂಕಿಂತ ಒಂದು ತಿಂಗಳ ಮೊದಲ ಬೆಲಿ ಕಟ್ಟಿಸಿದ್ವಿ. ಯಾರ ಕಡೆ ಅಂದ್ರ, ಐಆರ್‌ಡಿಎಐ ಲೈಸೆನ್ಸ್ ಇರೋ ಸರ್ವೇಯರ್ ಇರ್ತಾರ, ಮೋಟಾರ್ ವಿಭಾಗದವರು. ಅಪಘಾತ ಆದಮ್ಯಾಲೆ ನುಕಸಾನಿ ಲೆಕ್ಕ ಹಾಕಲಿಕ್ಕೆ ಬರೋರು ಅವರ. ಗಾಡಿ ಛಂದ ಇದ್ದಾಗ ಕರದ್ರ ಬೆಲಿ ರಿಪೋರ್ಟೂ ಮಾಡಿ ಕೊಡ್ತಾರ. ಫೀ ಎಷ್ಟು ಅಂತ ಮೊದಲ ಕೇಳ್ಕೋಬೇಕು, ರಿಪೋರ್ಟಿನ್ಯಾಗ ಅವರ ಲೈಸೆನ್ಸ್ ನಂಬರ್ ಇರಬೇಕು. ಹಳೇ ಗಾಡಿ ಕೈಯಾಡಿಸಿದ ಅನುಭವ ಇದ್ದವರನ್ನ ಹುಡಕ್ರಿ. ಪತ್ತಾರ ಆದವ್ರೆಲ್ಲಾ ಮುತ್ತಿನ ಪರೀಕ್ಷಾ ಮಾಡ್ತಾರೇನು?

ನಾನು ಚಹಾ ಕೊಟ್ಟು ಒಳಗ ಹೋಗಲಿಲ್ಲ, ಅಲ್ಲೇ ನಿಂತು ನೋಡಿದೆ. ಅವರು ಮೊದಲ ಮಾಡಿದ್ದು ಗಾಡಿ ನೋಡಿದ್ದಲ್ಲ, ಕಾಗದ ನೋಡಿದ್ದು. ಆರ್‌ಸಿಯೊಳಗಿನ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿ ಮ್ಯಾಲೆ ಕೆತ್ತಿದ್ದಕ್ಕ ತಾಳಿ ನೋಡಿದ್ರು. ಇಂಜಿನ್ ಬದಲಾಗಿದ್ದು ಆರ್‌ಸಿಯೊಳಗ ಬರಸಿರಲಿಲ್ಲಂದ್ರ ಅಲ್ಲೇ ಬೆಲಿ ಬೀಳ್ತದಂತ, ಕ್ಲೇಮಿಗೂ ತಕರಾರು. ಆಮ್ಯಾಲೆ ಒಂದು ಸಣ್ಣ ಅಯಸ್ಕಾಂತಕ್ಕ ಅರಿವಿ ಸುತ್ತಿ ಬಾಗಲದ ಕೆಳಗ, ಗಾಲಿ ಮ್ಯಾಲೆ ಹಿಡದ್ರು. ತಗಡಿದ್ರ ಹಿಡೀತದ, ಪುಟ್ಟಿ ತುಂಬಿ ಬಣ್ಣ ಹೊಡದಿದ್ರ ಜಾರಿ ಬೀಳ್ತದ. ನಾವು ಸೀರಿ ಜರಿ ಉಜ್ಜಿ ನೋಡಿದಂಗ. ಕಾಲು ಇಡೋ ಜಾಗಾದ ಮ್ಯಾಟ್ ಎತ್ತಿ ನೋಡಿದ್ರು, ಡಿಕ್ಕಿ ತಳಾ ನೋಡಿದ್ರು, ಬ್ಯಾಟರಿ ಕೆಳಗ ನೋಡಿದ್ರು. ತುಕ್ಕು ಮೊದಲು ಮನಿ ಮಾಡೋದು ಅಲ್ಲೇ ಅಂತ.

ಬೆಲಿ ಏರಸಿದ್ದು ಏನು ಗೊತ್ತೇನು? ಹೊಸಾ ಬಣ್ಣ ಅಲ್ಲ, ಹೊಸಾ ಸೀಟಲ್ಲ. ಅತ್ತಿಯವರು ಟ್ರಂಕಿನ್ಯಾಗ ಮುಚ್ಚಿಟ್ಟ ಕಾಗದದ ಗಂಟು. ಗಾಡಿ ಕೊಂಡ ಪಾವತಿ, ಗಾಡಿ ಜೋಡಿ ಬಂದ ಪುಸ್ತಕ, ರಿಪೇರಿ ಬಿಲ್ಲು, ಗಾಡಿ ಪೂಜಾ ಮಾಡಿದ ದಿವಸದ ಕಪ್ಪು ಬಿಳಿ ಫೋಟೋ. ಫೋಟೋದಾಗಿನ ಬಂಪರ್, ದೀಪದ ಸುತ್ತಿನ ಬಳಿ, ಗಾಲಿ ಟೊಪಗಿ ಇವತ್ತಿಗೂ ಅವ ಇದ್ದಾವ ಅಂತ ಅವರು ಒಂದೊಂದ ತಾಳಿ ನೋಡಿದ್ರು. ಅವರ ಮಾತು ಹೇಳ್ತೀನಿ ಕೇಳ್ರಿ, ಎಸಿ ಕೂಡಿಸಿ, ಮಿಂಚೋ ಗಾಲಿ ಹಾಕಿ, ಡೀಸೆಲ್ ಇಂಜಿನ್ ಇಟ್ಟ ಹಳೇ ಗಾಡಿ ಓಡಸಲಿಕ್ಕೆ ಸುಖ, ಬೆಲಿಗೆ ತ್ರಾಸು. ನಮ್ಮ ಅಜ್ಜಿ ಇಳಕಲ್ ಸೀರಿ ಕತ್ತರಿಸಿ ಚೂಡಿದಾರ ಹೊಲಿಸಿದ್ರ ಹೆಂಗೋ ಹಂಗ.

ಕಂಪನಿಯವರ ನೋಟೀಸಿನ್ಯಾಗ 30 ಸಾವಿರ ಅಂತಿತ್ತು. ಸರ್ವೇಯರ್ 2 ಲಕ್ಷ 60 ಸಾವಿರ ಬರದ್ರು, ಇಂಥಾ ಗಾಡಿ ಎಷ್ಟಕ್ಕ ಮಾರಿದಾವ ಅನ್ನೋದನ್ನೂ ಜೋಡಿಸಿ ಕೊಟ್ರು. ರಿಪೋರ್ಟು, ಫೋಟೋ ಎಲ್ಲಾ ಕಳಿಸಿದ್ವಿ. ಮೊದಲು ಏಜೆಂಟ್, "ಕಂಪ್ಯೂಟರ್ ತೊಗೊಳ್ಳಂಗಿಲ್ಲ ಅಕ್ಕಾರ" ಅಂದಾ. ಹಂಗಾದ್ರ ಕಂಪ್ಯೂಟರ್ ಮ್ಯಾಲಿನವರಿಗೆ ಕಳಸಪಾ ಅಂದೆ. ಕಂಪನಿಯವರು ತಮ್ಮ ಮನಶ್ಯಾನ್ನ ಕಳಿಸಿ ಗಾಡಿ ನೋಡಿ 2 ಲಕ್ಷ 25 ಸಾವಿರಕ್ಕ ಒಪ್ಪಿದ್ರು. ಪ್ರೀಮಿಯಂ ಹೆಚ್ಚಾತು, ಖರೆ. ಒಂದು ಸಾಧಾರಣ ರೇಷ್ಮಿ ಸೀರಿ ರೊಕ್ಕ. ಆದ್ರ ಮೊದಲಿನ ಸಾಡೇಬಾವೀಸ ಸಾವಿರದ ಗೆರಿ ಈಗ 1 ಲಕ್ಷ 68 ಸಾವಿರದ ಮ್ಯಾಲೆ ಹೋತು. ಇನ್ನ ಒಂದು ಟೊಂಗಿ ಬಿದ್ರ ಗಾಡಿ ಸಾಯಂಗಿಲ್ಲ. ಮತ್ತ ಒಪ್ಪಿ ಬರದ ಐಡಿವಿಯನ್ನ, ಗಾಡಿ ಪೂರ್ತಿ ಹೋದಾಗ, ಆ ವರ್ಷದೊಳಗ ಮತ್ತ ಸವಕಳಿ ಅಂತ ಇಳಸಲಿಕ್ಕೆ ಬರಂಗಿಲ್ಲ.

ಇಲ್ಲೆ "ವಿಂಟೇಜ್" ಅನ್ನೋ ಶಬ್ದದ ಬಗ್ಗೆ ಒಂದೆರಡು ಮಾತು, ಯಾಕಂದ್ರ ಎಲ್ಲಾರೂ ಅದನ್ನ ಒಗ್ಗರಣಿಗೆ ಇಂಗು ಹಾಕಿದಂಗ ಹಾಕ್ತಾರ. 2002ರ ಮೋಟಾರ್ ಟ್ಯಾರಿಫಿನ್ಯಾಗ ವಿಂಟೇಜ್ ಅಂದ್ರ 1940ರ ಡಿಸೆಂಬರ್ 31ಕ್ಕಿಂತ ಮೊದಲ ಆದ ಕಾರು, ಅದಕ್ಕ ಕ್ಲಬ್ಬಿನ ಸರ್ಟಿಫಿಕೇಟ್ ಬ್ಯಾರೆ. ಸವಕಳಿ ಮಾತಿಲ್ಲದ ಇಷ್ಟ ಕೊಡ್ತೀವಿ ಅಂತ ಮೊದಲ ಬರಕೊಡೋ ಪಾಲಿಸಿ ಅಂಥಾವಕ್ಕಷ್ಟ ಇಟ್ಟಿದ್ರು. 2021ರಾಗ ರಿಜಿಸ್ಟ್ರೇಶನ್ ನಿಯಮ ಬಂತು. ಅದರಾಗ ಮೊದಲ ರಿಜಿಸ್ಟರ್ ಆಗಿ 50 ವರ್ಷ ದಾಟಿದ, ಮೂಲ ರೂಪದಾಗ ಇರೋ ಗಾಡಿ ವಿಂಟೇಜ್. ಹಂಗಂದ್ರ ನಮ್ಮ ಫಿಯಾಟ್ ಒಂದು ಪುಸ್ತಕದಾಗ ವಿಂಟೇಜ್, ಇನ್ನೊಂದ್ರಾಗ ಅಲ್ಲ. ಏಜೆಂಟ್ "ವಿಂಟೇಜ್ ಪಾಲಿಸಿ" ಅಂದ್ರ ಯಾವ ವಿಂಟೇಜಪಾ ಅಂತ ಕೇಳ್ರಿ.

ಹೊಸಾ ನಿಯಮದಾಗ ವಿಎ ಅಕ್ಷರದ ನಂಬರ್ ಪ್ಲೇಟ್ ಸಿಗ್ತದ. ಫೀ 20 ಸಾವಿರ, 10 ವರ್ಷ ನಡೀತದ, ಆಮ್ಯಾಲೆ ತಿರಗಿ ಮಾಡಸಲಿಕ್ಕೆ 5 ಸಾವಿರ. ಅಂಥಾ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧಾ ಅಂತ 2022ರಾಗ ಮಾಡಿದ್ರು. ಕೇಳಲಿಕ್ಕೆ ಛಂದ. ಈಗ ಲೆಕ್ಕಾ ಹಾಕೋಣ. ಆ ದರದಾಗ ನಮ್ಮಂಥಾ ಇಂಜಿನ್ನಿಗೆ ವರ್ಷಕ್ಕ 3,416 ರೂಪಾಯಿ. ಅರ್ಧಾ ಉಳದ್ರ 1,708. ಹತ್ತು ವರ್ಷಕ್ಕ 17,080. ಕೊಟ್ಟದ್ದು 20 ಸಾವಿರ. ಮ್ಯಾಲೆ ಆ ಗಾಡಿ ದಿನಾ ಓಡಸಲಿಕ್ಕೆ ಬರಂಗಿಲ್ಲ, ಪ್ರದರ್ಶನಕ್ಕ, ರ‍್ಯಾಲಿಗೆ, ಪೆಟ್ರೋಲ್ ಹಾಕಸಲಿಕ್ಕೆ, ರಿಪೇರಿಗೆ ಅಷ್ಟ. ನಮ್ಮ ಮಾವನವರು ಶನಿವಾರಕ್ಕೊಮ್ಮೆ ನುಗ್ಗಿಕೇರಿ ಹಣಮಪ್ಪಗ ಹೋಗೋದು ಅದರಾಗ. ಅದನ್ನ ತಪ್ಪಿಸಿ ಪ್ಲೇಟ್ ಹಚ್ಚೋದು ನನಗ ಒಪ್ಪಿಗಿ ಆಗಲಿಲ್ಲ. ಗಾಡಿ ಬರೇ ನೋಡಲಿಕ್ಕೆ ಇಟ್ಟವರಿಗೆ ಅದು ಬರೋಬ್ಬರಿ ಅದ. ಪ್ರೀಮಿಯಂ ಉಳಸೋ ಆಶಾಕ್ಕ ಮಾತ್ರ ಮಾಡಸಬ್ಯಾಡ್ರಿ.

ಅಮೆರಿಕಾದಾಗಿರೋ ನಾದಿನಿಗೆ ಇದನ್ನೆಲ್ಲಾ ಹೇಳಿದಾಗ, ಅಲ್ಲೇನೂ ಬ್ಯಾರೆ ಇಲ್ಲ ವೈನಿ ಅಂದಳು. ಅಲ್ಲೆ "ಅಗ್ರೀಡ್ ವ್ಯಾಲ್ಯೂ" ಅಂದ್ರ ಒಪ್ಪಿದ ಬೆಲಿ ಕೊಡ್ತಾರಂತ. "ಸ್ಟೇಟೆಡ್ ವ್ಯಾಲ್ಯೂ" ಅಂದ್ರ ನೀವು ಹೇಳಿದ ಬೆಲಿ ಮತ್ತ ಆ ದಿವಸದ ಮಾರ್ಕೆಟ್ ಬೆಲಿ, ಎರಡ್ರಾಗ ಯಾವುದು ಕಡಿಮಿನೋ ಅದು. ಎರಡೂ ಒಂದ ಅಂತ ತಿಳದು ಸಹಿ ಮಾಡಿದವರು ಅಲ್ಲೂ ಅಳ್ತಾರ. ಒಟ್ಟ, ಯಾವ ದೇಶ ಆದ್ರೂ ಸಹಿ ಮಾಡೂಕಿಂತ ಮೊದಲ ಶಬ್ದ ಓದಬೇಕು.

ಇನ್ನ ನನಗ ಎದುರು ಬರೋ ಮಾತು ಗೊತ್ತವ. "ಮಾರೋದ ಇಲ್ಲಂದಮ್ಯಾಲೆ ಬೆಲಿ ಯಾಕ?" ಅಂತಾರ. ಮಂಗಳಸೂತ್ರ ಮಾರ್ತೀವೇನು? ಆದ್ರೂ ತೂಕಾ ಗೊತ್ತಿರ್ತದ, ಕಳುವಾದ್ರ ಪೊಲೀಸರಿಗೆ ಹೇಳಲಿಕ್ಕೆ ಬೇಕು.

ಎರಡನೇದು ಬಾಯಿಬಿಟ್ಟು ಯಾರೂ ಅನ್ನಂಗಿಲ್ಲ, ಮನಸಿನ್ಯಾಗ ಇರ್ತದ. ಬೆಲಿ ಕಟ್ಟಿಸಿದ್ರ ಅಣ್ಣ-ತಮ್ಮಂದಿರ ನಡು ಪಾಲಿನ ಮಾತು ಬರ್ತದ ಅಂತ. ಇದು ಸುಳ್ಳಲ್ಲ. ಎರಡು ಲಕ್ಷ ಅಂತ ಕಾಗದದ ಮ್ಯಾಲೆ ಬಂದಕೂಡ್ಲೆ ಗಾಡಿ ಕಡೆ ತಿರಗಿ ನೋಡದವರೂ "ಅಪ್ಪಾಜಿ ಗಾಡಿ" ಅಂತ ಕಣ್ಣಾಗ ನೀರು ತರ್ತಾರ. ಆದ್ರ ಬೆಲಿ ಯಾರಿಗೂ ಗೊತ್ತಿಲ್ಲದಾಗ ಏನಾಗ್ತದ? ಒಬ್ಬ ಸುಮ್ನ ಗುಜರಿಯವಗ 20 ಸಾವಿರಕ್ಕ ಕೊಟ್ಟು "ಜಾಗಾ ಖಾಲಿ ಆತು" ಅಂತಾನ, ಇಲ್ಲಾ ಒಬ್ಬ ತಿಳದಾವ ತನ್ನ ಮನಿಗೆ ಎಳಕೊಂಡು ಹೋಗ್ತಾನ. ಆಮ್ಯಾಲೆ ಗೊತ್ತಾದ್ರ ಮಾತ ಬಿಡ್ತಾರ. ಹಿರಿಯರು ಇದ್ದಾಗ, ಅವರ ಎದರಿಗೆ, ಬೆಲಿ ಎಲ್ಲಾರಿಗೂ ಗೊತ್ತಾದ್ರ ಅವರ ಬಾಯಿಂದನ "ಇದು ಇಂಥವಗ" ಅಂತ ಬರ್ತದ. ಜಗಳ ಆಗೋದಿದ್ರ ಅವರ ಮುಂದ ಆಗಲಿ, ಅವರ ಹದಿಮೂರನೇ ದಿವಸ ಬ್ಯಾಡ.

ಅಪಶಕುನ ಅನಬ್ಯಾಡ್ರಿ, ಇದನ್ನೂ ಹೇಳಲೇಬೇಕು. ಗಾಡಿ ಮಾಲಕರು ತೀರಿಹೋದ್ರ ಪಾಲಿಸಿ ಅವತ್ತ ಮುಗಿಯಂಗಿಲ್ಲ, ಆದ್ರ ಹೆಚ್ಚಂದ್ರ ಮೂರು ತಿಂಗಳ ನಡೀತದ. ಅಷ್ಟರಾಗ ಪಾಲಿಸಿ ಮುದ್ದತು ಮುಗದ್ರ ಅದೂ ಇಲ್ಲ. ಆ ಮೂರು ತಿಂಗಳದಾಗ ಆರ್‌ಸಿ ಮತ್ತ ಪಾಲಿಸಿ ವಾರಸದಾರರ ಹೆಸರಿಗೆ ಆಗಬೇಕು. ಗಂಡನ್ನ ಕಳಕೊಂಡ ಹೆಣ್ಮಗಳಿಗೆ ಆ ಮೂರು ತಿಂಗಳು ಹೆಂಗ ಹೋಗ್ತಾವ ಅಂತ ಹೋದವರಿಗೆ ಗೊತ್ತು. ಬ್ಯಾಂಕು, ಪೆನ್ಶನ್ನು ನೋಡೂದ್ರಾಗ ತಾಡಪತ್ರಿ ಕೆಳಗಿನ ಗಾಡಿ ಯಾರಿಗೆ ನೆನಪಾಗ್ತದ? 2021ರಿಂದ ಆರ್‌ಸಿಯೊಳಗ ನಾಮಿನಿ ಹೆಸರು ಹಾಕಸಲಿಕ್ಕೆ ಬರ್ತದ. ನಮ್ಮ ಮಾವನವರ ಕಡಿಂದ ಅತ್ತಿಯವರ ಹೆಸರು ಹಾಕಿಸಬೇಕು ಅಂತ ನಾನು ಬೆನ್ನ ಹತ್ತೀನಿ. "ನನಗ ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ಲವಾ" ಅಂತಾರ ಅತ್ತಿಯವರು. ಗಾಡಿ ಓಡಸೂದು ಬ್ಯಾರೆ, ಗಾಡಿ ನಂದು ಅನ್ನೋದು ಬ್ಯಾರೆ ಅಂತ ಹೇಳೀನಿ.

ಈಗ ನೀವು ಮಾಡೋದೇನು? ನಿಮ್ಮ ಮನ್ಯಾಗ ಹಳೇ ಕಾರು, ಹಳೇ ಜಾವಾ, ಲ್ಯಾಂಬ್ರೆಟಾ ಯಾವುದ ಇರಲಿ, ಇವತ್ತ ಸಂಜೀಕ ಪಾಲಿಸಿ ತಗೀರಿ. ಐಡಿವಿ ಅನ್ನೋ ಜಾಗಾದಾಗ ಸೊನ್ನಿ ಇದ್ರ, ಇಲ್ಲಾ ಖಾಲಿ ಇದ್ರ, ಬರೇ ಥರ್ಡ್ ಪಾರ್ಟಿ ಅಂತ ತಿಳೀರಿ. ಅಂಕಿ ಇದ್ರ ಅದನ್ನ ನಾಕರಾಗ ಮೂರ ಪಾಲು ಮಾಡಿ, ಅಷ್ಟು ರಿಪೇರಿ ಖರ್ಚಿಗೆ ಗಾಡಿ ಬಿಟ್ಟು ಕೊಡಲಿಕ್ಕೆ ತಯಾರಿದ್ದೀವೇನು ಅಂತ ಮನ್ಯಾಗ ಕೇಳ್ರಿ. ಇಲ್ಲ ಅಂದ್ರ ಪಾಲಿಸಿ ಮುಗಿಯೂಕಿಂತ ಒಂದು ತಿಂಗಳ ಮೊದಲು ಸರ್ವೇಯರ್‌ನ ಕರೀರಿ. ಗಾಡಿ ನಾಕೂ ಕಡಿಂದ, ಒಳಗ, ಇಂಜಿನ್, ಚಾಸಿ ನಂಬರ್ ಎಲ್ಲಾ ಫೋಟೋ ತಗದು ಮಕ್ಕಳ ಫೋನಿನ್ಯಾಗೂ ಇಡ್ರಿ. ಎರಡು ಮೂರು ವರ್ಷಕ್ಕೊಮ್ಮೆ ಬೆಲಿ ತಿರಗಿ ಮಾಡಸ್ರಿ, ಹಳೇ ಗಾಡಿ ಬೆಲಿ ಈಗೀಗ ಏರಲಿಕ್ಹತ್ತದ. ಕಂಪನಿಯವರು ಕ್ಲೇಮ್ ಕೊಡಲಿಕ್ಕೆ ಸತಾಯಿಸಿದ್ರ ಅವರಿಗೆ ಬರದು ಕೊಟ್ಟು, ಒಪ್ಪಲಿಲ್ಲಂದ್ರ ಒಂದು ವರ್ಷದೊಳಗ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗ ದೂರು ಕೊಡಬಹುದು, ಅದಕ್ಕ ಫೀ ಇಲ್ಲ.

ರಿಪೋರ್ಟ್ ಬಂದಮ್ಯಾಲೆ ಅದನ್ನ ಗಂಡಸರ ಡ್ರಾವರ್‌ದಾಗ ಇಡಬ್ಯಾಡ್ರಿ, ಅಲ್ಲೆ ಹೋದ ಕಾಗದ ತಿರಗಿ ಬಂದದ್ದು ನಾ ಕಂಡಿಲ್ಲ. ಬಂಗಾರದ ಪಾವತಿ ಇಟ್ಟ ಡಬ್ಬಿಯೊಳಗನ ಇಡ್ರಿ.